ಕೃತಕೋಪಗ್ರಹಗಳ ನಿಲುವು ಮತ್ತು ಅದರ ಗಣಿತಪ್ರತಿರೂಪ

೧. ವಿಷಯಪ್ರವೇಶ

ಕೃತಕೋಪಗ್ರಹವು ಕಕ್ಷೆಯನ್ನು ಸೇರಿತೆಂದರೆ ಅದನ್ನು ಕುರಿತ ಮುಖ್ಯ ಕಾರ್ಯವು ಮುಗಿಯಿತೆಂದು ಜನಸಾಮಾನ್ಯರು ಭಾವಿಸುವುದುಂಟು. ವೈಜ್ಞಾನಿಕ ಸಂಶೋಧನೆಗಾಗಿ ನಿರ್ಮಿತವಾದ ಉಪಗ್ರಹದ ವಿಷಯದಲ್ಲಿ ಕಠಿಣವಾದ ಭಾಗವು ಅಲ್ಲಿಂದ ಮುಂದೆಯೇ ಪ್ರಾರಂಭವಾಗುತ್ತದೆ. ಅಂಥ ಕಾಯಕ್ಕೆ ಎರಡು ಬಗೆಯ ಚಲನೆಗಳುಂಟು. ಇಡಿಯ ಕಾಯವು ಭೂಮಿಯನ್ನಾಗಲಿ ಸೂರ್ಯನನ್ನಾಗಲಿ ಸುತ್ತುವುದು ಮೊದಲನೆಯದು. ಆ ಕಾಯವು ತನ್ನಲ್ಲಿ ತಾನು ತಿರುಗುತ್ತ, ಓಲುತ್ತ, ಯಾವುದೋ ಒಂದು ದಿಕ್ಕಿಗೆ ಮುಖಮಾಡಿರುವುದು ಎರಡನೆಯದು. ಈ ಎರಡನೆಯದನ್ನು ಇಲ್ಲಿ ‘ನಿಲುವು’ ಎಂದು ಕರೆಯಲಾಗಿದೆ. ದೂರದರ್ಶಕವನ್ನು ಹೊತ್ತ ಉಪಗ್ರಹವು ತನ್ನ ಕಕ್ಷೆಯಲ್ಲಿ ಕೆಲವು ಕಿಲೋಮೀಟರುಗಳಷ್ಟು ಆಚೀಚೆಯಾದರೂ ನಕ್ಷತ್ರವು ಕಾಣದೆ ಹೋಗುವುದಿಲ್ಲ. ನಿಲುವು ಒಂದು ಅಂಶದ ಸಾವಿರದಲ್ಲೊಂದು ಪಾಲು ಕದಲಿದರೂ ನಕ್ಷತ್ರದ ಚಿತ್ರವು ಕದಡಿಹೋಗುವುದು.

ಕಕ್ಷೆಯಲ್ಲಿರುವ ಕಾಯವನ್ನು ಕೈಯಿಂದ ಮುಟ್ಟಿ ಸರಿಪಡಿಸುವುದು ಬಹು ವಿರಳವಾದ ಕೆಲವು ಸಂದರ್ಭಗಳನ್ನು ಬಿಟ್ಟರೆ ಸಾಧ್ಯವಿಲ್ಲ. ಆದುದರಿಂದ ವಿಜ್ಞಾನಿಗಳು ಉಪಗ್ರಹವನ್ನು ಹಾರಿಸುವುದಕ್ಕೆ ಮೊದಲೇ ಅದರ ಜೊತೆಗೆ ಇನ್ನೊಂದು ಉಪಗ್ರಹವನ್ನು, ಕೇವಲ ಸಂಖ್ಯೆಗಳಿಂದಲೂ ಸಮೀಕರಣಗಳಿಂದಲೂ ಕೂಡಿದುದನ್ನು, ಗಣಕದಲ್ಲಿ ನಿರ್ಮಿಸುವರು. ಇದೇ ಗಣಿತಪ್ರತಿರೂಪ. ಇಂತಿಷ್ಟು ಬಲವನ್ನು ಪ್ರಯೋಗಿಸಿದರೆ ಕಾಯವು ಎಷ್ಟು ತಿರುಗೀತು, ಬಿಸಿಲು ಬಿದ್ದರೆ ಎಷ್ಟು ಬಾಗೀತು ಎಂಬ ಪ್ರಶ್ನೆಗಳನ್ನು ಈ ಪ್ರತಿರೂಪಕ್ಕೆ ಕೇಳಿ, ಅದು ಕೊಟ್ಟ ಉತ್ತರವನ್ನು ನಂಬಿ ಮೂಲಕ್ಕೆ ಆಜ್ಞೆಯನ್ನು ಕೊಡಲಾಗುತ್ತದೆ. ಪ್ರತಿರೂಪವು ಮೂಲದ ಸಮಸ್ತ ಗುಣಗಳನ್ನೂ ಒಳಗೊಳ್ಳಲಾರದು. ಏನನ್ನಾದರೂ ಬಿಟ್ಟೇ ತೀರಬೇಕು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕವೇ ಈ ಶಾಸ್ತ್ರದ ಜೀವಾಳ. ಆ ವಿವೇಕವು ಕಳೆದ ಆರೂವರೆ ದಶಕಗಳಲ್ಲಿ ಹೇಗೆ ಬೆಳೆಯಿತೆಂಬುದನ್ನು ಕೆಲವು ಪ್ರಸಿದ್ಧ ದೃಷ್ಟಾಂತಗಳ ಮೂಲಕ ಮುಂದೆ ವಿವರಿಸಲಾಗುವುದು.

೨. ಬುಗುರಿಯ ನ್ಯಾಯ ಮತ್ತು ಎಕ್ಸ್‌ಪ್ಲೋರರ್

ರಭಸದಿಂದ ತಿರುಗುವ ಕಾಯವು ತನ್ನ ಅಕ್ಷವನ್ನು ಸುಲಭವಾಗಿ ಬಿಟ್ಟುಕೊಡದೆಂಬುದು ಬುಗುರಿಯಾಡಿದ ಮಕ್ಕಳಿಗೆಲ್ಲ ತಿಳಿದ ವಿಷಯ. ಘನಕಾಯಗಳ ಭ್ರಮಣವನ್ನು ಸಂಪೂರ್ಣವಾಗಿ ಗಣಿತದ ಅಧೀನಕ್ಕೆ ತಂದವನು ಸ್ವಿಟ್ಸರ್ಲೆಂಡಿನಲ್ಲಿ ಜನಿಸಿದ ಲಿಯೊನ್‌ಹಾರ್ಡ್ ಆಯ್ಲರ್ (೧೭೦೭–೧೭೮೩). ಯಾವ ಆಕಾರದ ಕಾಯಕ್ಕೇ ಆಗಲಿ, ಒಂದಕ್ಕೊಂದು ಲಂಬವಾದ ಮೂರು ಪ್ರಧಾನ ಅಕ್ಷಗಳಿರುವುವು. ತಿರುಗಿಸಲು ಯತ್ನಿಸಿದಾಗ ಕಾಯವು ಒಡ್ಡುವ ಜಡತೆಯು ಅವುಗಳಲ್ಲಿ ಒಂದರ ಸುತ್ತ ಅತ್ಯಧಿಕವಾಗಿಯೂ ಮತ್ತೊಂದರ ಸುತ್ತ ಅತ್ಯಲ್ಪವಾಗಿಯೂ ಇರುವುದು. ದಾರದಿಂದ ಬಿಗಿದು ಕಟ್ಟಿದ ಪುಸ್ತಕವೊಂದನ್ನು ಮೂರು ರೀತಿಯಲ್ಲಿ ತಿರುಗಿಸಿ ಮೇಲಕ್ಕೆ ಎಸೆದು ನೋಡಿದರೆ ಈ ಭೇದವು ವೇದ್ಯವಾಗುತ್ತದೆ. ಅಧಿಕ ಜಡತೆಯ ಅಕ್ಷದ ಸುತ್ತಲೂ ಅಲ್ಪ ಜಡತೆಯ ಅಕ್ಷದ ಸುತ್ತಲೂ ಪುಸ್ತಕವು ನೇರವಾಗಿ ತಿರುಗುವುದು. ಮಧ್ಯಮಾಕ್ಷದ ಸುತ್ತ ತಿರುಗಿಸಿದರೆ ಮಾತ್ರ ಅದು ನಡುವೆಯೇ ಪಲ್ಟಿ ಹೊಡೆಯುವುದು. ಮೊದಲೆರಡು ಸ್ಥಿರ, ಮೂರನೆಯದು ಅಸ್ಥಿರ ಎಂಬುದು ಆಯ್ಲರನ ಸಮೀಕರಣಗಳಿಂದ ಸಿದ್ಧವಾಗುವ ಅಂಶ.

ಅಮೆರಿಕದ ಪ್ರಥಮ ಉಪಗ್ರಹವಾದ ಎಕ್ಸ್‌ಪ್ಲೋರರ್-೧ ೧೯೫೮ನೆಯ ಇಸವಿ ಜನವರಿ ೩೧ರಂದು ಹಾರಿತು. ಸುಮಾರು ೧೪ ಕಿಲೋಗ್ರಾಂ ತೂಕದ, ಎರಡು ಮೀಟರು ಉದ್ದದ, ಕಡ್ಡಿಯಂತೆ ತೆಳ್ಳಗಿದ್ದ ಆ ಕಾಯದಲ್ಲಿ ಜೇಮ್ಸ್ ವ್ಯಾನ್ ಆಲೆನ್ ಅವರ ವಿಕಿರಣಮಾಪಕವಿದ್ದಿತು. ಉದ್ದದ ಅಕ್ಷದ ಸುತ್ತ, ಎಂದರೆ ಅತ್ಯಲ್ಪ ಜಡತೆಯ ಅಕ್ಷದ ಸುತ್ತ, ಅದನ್ನು ನಿಮಿಷಕ್ಕೆ ಸುಮಾರು ೭೫೦ ಸುತ್ತುಗಳ ವೇಗದಲ್ಲಿ ತಿರುಗಿಸಿ ಬಿಡಲಾಗಿದ್ದಿತು. ಆಯ್ಲರನ ನ್ಯಾಯದಂತೆ ಅದು ಹಾಗೆಯೇ ತಿರುಗುತ್ತಿರಬೇಕಾಗಿದ್ದಿತು. ಆದರೆ ಮೊದಲ ಪ್ರದಕ್ಷಿಣೆಗಳಲ್ಲಿಯೇ ಅದರಿಂದ ಬರುತ್ತಿದ್ದ ರೇಡಿಯೋ ಸಂಕೇತಗಳು ಏರಿಳಿಯತೊಡಗಿದುವು. ಉಪಗ್ರಹವು ಬುಗುರಿಯಂತೆ ತಿರುಗುವುದನ್ನು ಬಿಟ್ಟು, ಬೀಸಿ ಎಸೆದ ದೊಣ್ಣೆಯಂತೆ ತುದಿ ಮೊದಲಾಗಿ ತಿರುಗಲು ಪ್ರಾರಂಭಿಸಿದ್ದಿತು.

ಇದರಲ್ಲಿ ಆಯ್ಲರನ ಸಮೀಕರಣಗಳ ದೋಷವೇನೂ ಇರಲಿಲ್ಲ. ಆ ಸಮೀಕರಣಗಳು ಪೂರ್ಣವಾಗಿ ಬಿಗಿಯಾದ ಕಾಯಕ್ಕೆ ಸಂಬಂಧಪಟ್ಟವು. ಎಕ್ಸ್‌ಪ್ಲೋರರಿನ ಪಕ್ಕದಿಂದಲಾದರೋ ರೇಡಿಯೋ ಪ್ರಸಾರಕ್ಕಾಗಿ ನಾಲ್ಕು ತಂತಿಗಳು ಹೊರಚಾಚಿದ್ದುವು. ಕಾಯವು ಲೇಶಮಾತ್ರ ಓಲಿದಾಗಲೂ ಆ ತಂತಿಗಳು ಬಳುಕುವುವು. ಬಳುಕಿದಾಗಲೆಲ್ಲ ಭ್ರಮಣದ ಶಕ್ತಿಯು ಕಿಂಚಿತ್ತು ಶಾಖವಾಗಿ ಸೋರಿಹೋಗುವುದು. ಹೊರಗಿನಿಂದ ತಿರುಚುವ ಬಲವೊಂದು ತಾಕದಿರುವಾಗ ಕಾಯದ ಕೋನೀಯ ಸಂವೇಗವು ಕುಗ್ಗುವಂತಿಲ್ಲ. ಶಕ್ತಿಯು ಮಾತ್ರ ಕುಗ್ಗಬಹುದು. ಕೋನೀಯ ಸಂವೇಗವು ಒಂದೇ ಆಗಿರುವಲ್ಲಿ ಅಲ್ಪ ಜಡತೆಯ ಅಕ್ಷದ ಸುತ್ತ ತಿರುಗುವುದಕ್ಕೆ ಅಧಿಕ ಶಕ್ತಿಯೂ, ಅಧಿಕ ಜಡತೆಯ ಅಕ್ಷದ ಸುತ್ತ ತಿರುಗುವುದಕ್ಕೆ ಅಲ್ಪ ಶಕ್ತಿಯೂ ಬೇಕು. ಹೀಗಿರಲು, ಶಕ್ತಿಯನ್ನು ಕಳೆದುಕೊಳ್ಳುತ್ತಿರುವ ಕಾಯಕ್ಕೆ ಒಂದೇ ದಾರಿಯುಳಿಯುವುದು: ಅಲ್ಪ ಜಡತೆಯ ಅಕ್ಷವನ್ನು ತೊರೆದು ಅಧಿಕ ಜಡತೆಯ ಅಕ್ಷದ ಸುತ್ತ ತಿರುಗುವ ಸ್ಥಿತಿಗೆ ಇಳಿಯುವುದು. ರೊನಾಲ್ಡ್ ಬ್ರೇಸ್‌ವೆಲ್ ಮತ್ತು ಓವೆನ್ ಗ್ಯಾರಿಯಟ್ ಎಂಬ ವಿದ್ವಾಂಸರು ಉಪಗ್ರಹಗಳ ಭ್ರಮಣವನ್ನು ಕುರಿತ ಇಂಥ ವಿವೇಚನೆಯನ್ನು ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಶಕ್ತಿ ಸೋರುವ ಕಾಯಕ್ಕೆ ಅಧಿಕ ಜಡತೆಯ ಅಕ್ಷವೊಂದೇ ಸ್ಥಿರವೆಂಬುದು ಅಂದಿನಿಂದ ಉಪಗ್ರಹಶಿಲ್ಪಿಗಳಿಗೆ ಮೂಲಸೂತ್ರವಾಯಿತು. ಭ್ರಮಣದಿಂದಲೇ ಸ್ಥಿರತೆಯನ್ನು ಪಡೆಯಬೇಕಾದ ಉಪಗ್ರಹಗಳನ್ನು ಕಡ್ಡಿಯಂತೆ ಉದ್ದವಾಗಿ ಕಟ್ಟುವ ಬದಲು ಬುಗುರಿಯಂತೆ, ಪಿಪಾಯಿಯಂತೆ ಅಗಲವಾಗಿ ಕಟ್ಟುವುದು ರೂಢಿಗೆ ಬಂದಿತು.

೩. ಶೂನ್ಯದಲ್ಲಿನ ಅಲ್ಪಬಲಗಳು

ಆಕಾಶವು ಕೇವಲ ಶೂನ್ಯವೆಂದೂ ಅಲ್ಲಿ ಕಾಯವನ್ನು ಅಲುಗಿಸುವ ಬಲವೇ ಇಲ್ಲವೆಂದೂ ಎಣಿಸುವುದು ಪ್ರತಿರೂಪದಲ್ಲಿ ನುಸುಳಬಹುದಾದ ಇನ್ನೊಂದು ಲೋಪ. ನಾಲ್ಕು ಅಲ್ಪಬಲಗಳು ಉಪಗ್ರಹವನ್ನು ನಿರಂತರವಾಗಿ ಕಾಡುತ್ತಿರುವುವು. ಕಾಯದ ಭೂಮಿಗೆ ಹತ್ತಿರದ ತುದಿಯನ್ನು ಭೂಮಿಯು ದೂರದ ತುದಿಗಿಂತ ತುಸು ಹೆಚ್ಚಾಗಿ ಸೆಳೆಯುವುದರಿಂದ ಹುಟ್ಟುವ ತಿರುಚು ಮೊದಲನೆಯದು. ಚಂದ್ರನು ಸದಾ ಒಂದೇ ಮುಖವನ್ನು ಭೂಮಿಗೆ ತೋರುವುದು ಈ ಬಗೆಯ ಸೆಳೆತದಿಂದಲೇ. ಭೂಮಿಯ ಕಾಂತಕ್ಷೇತ್ರವು ಉಪಗ್ರಹದೊಳಗಿನ ವಿದ್ಯುತ್ ಪ್ರವಾಹಗಳ ಮೇಲೆ ಬೀರುವ ಪ್ರಭಾವವು ಎರಡನೆಯದು. ಎತ್ತರದಲ್ಲಿಯೂ ಅಳಿದುಳಿದಿರುವ ವಿರಳ ವಾಯುವಿನ ತಡೆಯು ಮೂರನೆಯದು. ಸೂರ್ಯನ ಬೆಳಕೇ ಕಾಯವನ್ನು ನೂಕುವುದು ನಾಲ್ಕನೆಯದು. ಭೂಮಿಯಷ್ಟು ದೂರದಲ್ಲಿ ಕಪ್ಪಾದ ಒಂದು ಚದರ ಮೀಟರು ಫಲಕವನ್ನು ಸೂರ್ಯಪ್ರಕಾಶವು ಒಂದು ನ್ಯೂಟನ್ನಿನ ಹತ್ತು ಲಕ್ಷದಲ್ಲಿ ಸುಮಾರು ನಾಲ್ಕೂವರೆ ಪಾಲಿನಷ್ಟು ಬಲದಿಂದ ಒತ್ತುವುದು. ಅಂಗೈಯ ಮೇಲೆ ಬಿದ್ದರೆ ಅರಿವಿಗೂ ಬಾರದ ಈ ಬಲವು, ತಡೆಯುವವರಾರೂ ಇಲ್ಲದ ಕಡೆ ದಿನಗಟ್ಟಲೆ ತಾಕುತ್ತಿದ್ದರೆ, ದೊಡ್ಡ ಕಾಯವನ್ನೂ ತಿರುಗಿಸಿಬಿಡುವುದು.

ಲೆಕ್ಕಕ್ಕೂ ನಡೆಗೂ ನಡುವೆ ಕಂಡುಬರುವ ಅಂತರವು ಯಾವಾಗಲೂ ನಷ್ಟವೇ ಆಗಬೇಕಾಗಿಲ್ಲ. ೧೯೫೮ನೆಯ ಇಸವಿ ಮಾರ್ಚ್ ೧೭ರಂದು ಹಾರಿದ ವ್ಯಾನ್‌ಗಾರ್ಡ್-೧ ಎಂಬ ಒಂದೂವರೆ ಕಿಲೋಗ್ರಾಮಿನ ಚಿಕ್ಕ ಗೋಳವು ಇದಕ್ಕೆ ನಿದರ್ಶನ. ಇಲ್ಲಿ ಪರೀಕ್ಷೆಗೆ ಬಂದುದು ನಿಲುವಿನ ಪ್ರತಿರೂಪವಲ್ಲ, ಕಕ್ಷೆಯ ಪ್ರತಿರೂಪ; ಆದರೆ ಪಾಠವು ಎರಡಕ್ಕೂ ಸಮಾನವಾದುದು. ಅದರ ಕಕ್ಷೆಯು ಲೆಕ್ಕಕ್ಕೆ ಪೂರ್ತಿಯಾಗಿ ಹೊಂದಲಿಲ್ಲ. ಶೇಷವಾಗಿ ಉಳಿದ ಅಲ್ಪವ್ಯತ್ಯಾಸವನ್ನು ಶೋಧಿಸಿದಾಗ, ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾದ ಗೋಳಮಾತ್ರವಲ್ಲವೆಂದೂ, ಉತ್ತರ ದಕ್ಷಿಣಗಳಲ್ಲಿ ಅಸಮವಾಗಿದ್ದು ಪೇರುಹಣ್ಣಿನ ಆಕಾರದ ಛಾಯೆಯುಳ್ಳದ್ದೆಂದೂ ೧೯೫೯ರಲ್ಲಿ ತಿಳಿದುಬಂದಿತು. ಮರುವರ್ಷ ಅದೇ ಉಪಗ್ರಹದ ಕಕ್ಷೆಯ ಮೇಲೆ ಸೂರ್ಯಪ್ರಕಾಶದ ಒತ್ತಡದ ಪರಿಣಾಮವೂ ನಿರ್ಣಯವಾಯಿತು. ಪ್ರತಿರೂಪದಲ್ಲಿ ಬಿಟ್ಟುಹೋಗಿದ್ದ ಅಂಶವೇ ಹೀಗೆ ಹೊಸ ಜ್ಞಾನವಾಗಿ ಪರಿಣಮಿಸಿತು.

೪. ನಿಯಂತ್ರಣದ ಸಾಧನಗಳು

ನಿಲುವನ್ನು ಬೇಕಾದಂತೆ ಇರಿಸಿಕೊಳ್ಳಲು ಮುಖ್ಯವಾಗಿ ಮೂರು ಸಾಧನಗಳುಂಟು. ಒತ್ತಿ ತುಂಬಿದ ಅನಿಲವನ್ನು ಸಣ್ಣ ಕೊಳವೆಗಳಿಂದ ಚಿಮ್ಮಿಸಿ ಅದರ ಪ್ರತಿಕ್ರಿಯೆಯಿಂದ ಕಾಯವನ್ನು ತಿರುಗಿಸುವುದು ಒಂದು. ಭೂಮಿಯ ಕಾಂತಕ್ಷೇತ್ರವನ್ನು ಆಧಾರವಾಗಿಟ್ಟುಕೊಂಡು ವಿದ್ಯುತ್ಕಾಂತ ಸಲಾಕೆಗಳಿಂದ ತಿರುಚುವುದು ಇನ್ನೊಂದು. ಕಾಯದೊಳಗೆ ಭಾರವಾದ ಚಕ್ರಗಳನ್ನು ಇರಿಸಿ ಅವುಗಳ ವೇಗವನ್ನು ಹೆಚ್ಚಿಸುವುದು ಅಥವಾ ಕುಗ್ಗಿಸುವುದು ಮೂರನೆಯದು. ಹರಿಗೋಲಿನಿಂದ ದಡಕ್ಕೆ ನೆಗೆಯುವವನು ಹರಿಗೋಲನ್ನು ಹಿಂದಕ್ಕೆ ನೂಕುವಂತೆ, ಚಕ್ರವು ಒಂದು ಕಡೆಗೆ ತಿರುಗಿದರೆ ಉಪಗ್ರಹವು ಇನ್ನೊಂದು ಕಡೆಗೆ ತಿರುಗುವುದು. ಅನಿಲವು ಒಂದಲ್ಲ ಒಂದು ದಿನ ತೀರಿಹೋಗತಕ್ಕದ್ದು. ಚಕ್ರಕ್ಕಾದರೋ ಸೂರ್ಯಫಲಕಗಳಿಂದ ಬರುವ ವಿದ್ಯುತ್ತೇ ಸಾಕು.

ಭಾರತದ ಪ್ರಥಮ ಉಪಗ್ರಹವಾದ ಆರ್ಯಭಟವು ಇವುಗಳಲ್ಲಿ ಮೊದಲನೆಯ ಸಾಧನವನ್ನು ಅವಲಂಬಿಸಿದ್ದಿತು. ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಉಡುಪಿ ರಾಮಚಂದ್ರ ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಟ್ಟಡಗಳಲ್ಲಿ ಅದು ಸಿದ್ಧವಾಯಿತು. ಸುಮಾರು ೩೬೦ ಕಿಲೋಗ್ರಾಂ ತೂಕದ, ಇಪ್ಪತ್ತಾರು ಮುಖಗಳ ಆ ಕಾಯವು ೧೯೭೫ನೆಯ ಇಸವಿ ಏಪ್ರಿಲ್ ೧೯ರಂದು ಸೋವಿಯೆತ್ ಒಕ್ಕೂಟದ ಕಪೂಸ್ತಿನ್ ಯಾರ್‌ನಿಂದ ಮೇಲೇರಿತು. ಅನಿಲವನ್ನು ಚಿಮ್ಮಿಸಿ ಅದನ್ನು ತನ್ನ ಅಕ್ಷದ ಸುತ್ತ ತಿರುಗಿಸಲಾಗುತ್ತಿದ್ದಿತು. ಆ ಭ್ರಮಣವೇ ಅದರ ಸ್ಥಿರತೆ. ಕ್ಷ-ಕಿರಣಗಳ ಖಗೋಳಶೋಧನೆ, ಸೂರ್ಯನ ವೀಕ್ಷಣೆ, ಮೇಲ್ವಾಯುಮಂಡಲದ ಪರಿಶೀಲನೆ ಎಂಬ ಮೂರು ಪ್ರಯೋಗಗಳು ಅದರಲ್ಲಿದ್ದುವು. ವಿದ್ಯುತ್ ಪೂರೈಕೆಯ ದೋಷದಿಂದ ಆ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುವಾದರೂ, ಉಪಗ್ರಹವೊಂದನ್ನು ರೂಪಿಸಿ ದೂರದಿಂದ ನಡೆಸುವ ವಿದ್ಯೆಯು ಈ ದೇಶದಲ್ಲಿ ನೆಲೆಗೊಂಡುದು ಆ ಪ್ರಯತ್ನದಿಂದಲೇ.

೫. ಬಿಸಿಲಿಗೆ ಬಾಗಿದ ರೆಕ್ಕೆಗಳು

ತಿರುಗುವ ಕಾಯದಲ್ಲಿ ದೂರದರ್ಶಕವನ್ನಿಟ್ಟು ಒಂದೇ ನಕ್ಷತ್ರವನ್ನು ಗಂಟೆಗಟ್ಟಲೆ ದಿಟ್ಟಿಸಲಾಗದು. ಅದಕ್ಕೆ ಮೂರು ಅಕ್ಷಗಳಲ್ಲಿಯೂ ನಿಶ್ಚಲವಾದ ನಿಲುವು ಬೇಕು. ೧೯೯೦ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಕಕ್ಷೆಗೆ ಸೇರಿದ ಹಬಲ್ ದೂರದರ್ಶಕಕ್ಕೆ ವಿಧಿಸಿದ್ದ ನಿಯಮವು ೦.೦೦೭ ವಿಕಲೆ, ವಿಕಲೆಯೆಂದರೆ ಒಂದು ಅಂಶದ ೩೬೦೦ರಲ್ಲೊಂದು ಪಾಲು. ಒಂದು ಮೈಲಿಯಾಚೆ ಹಿಡಿದ ತಲೆಗೂದಲಿನ ಅಗಲವು ಕಣ್ಣಿನಲ್ಲಿ ಉಂಟುಮಾಡುವ ಕೋನವು ಸುಮಾರು ಅಷ್ಟು. ಅನಿಲವನ್ನು ಚಿಮ್ಮಿಸಿದರೆ ಕನ್ನಡಿಯು ಮಲಿನವಾದೀತೆಂದು ಹಬಲಿಗೆ ಚಕ್ರಗಳನ್ನೂ ಕಾಂತ ಸಲಾಕೆಗಳನ್ನೂ ಮಾತ್ರ ಒದಗಿಸಲಾಗಿದ್ದಿತು.

ಈ ದೂರದರ್ಶಕದ ಕನ್ನಡಿಯ ದೋಷವು ಲೋಕಪ್ರಸಿದ್ಧವಾಗಿದೆ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ದೋಷವು ನಿಲುವಿಗೆ ಸಂಬಂಧಿಸಿದುದು. ಸುಮಾರು ೯೬ ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುವಾಗ ಅದು ಪ್ರತಿ ಸುತ್ತಿನಲ್ಲಿಯೂ ಕತ್ತಲಿನಿಂದ ಬಿಸಿಲಿಗೆ, ಬಿಸಿಲಿನಿಂದ ಕತ್ತಲಿಗೆ ದಾಟುತ್ತಿದ್ದಿತು. ಆಗ ಅದರ ಸೂರ್ಯಫಲಕಗಳನ್ನು ಹೊತ್ತ ತೋಳುಗಳ ಒಂದು ಪಾರ್ಶ್ವವು ಇನ್ನೊಂದಕ್ಕಿಂತ ಬೇಗನೆ ಕಾದು, ತೋಳುಗಳು ಬಾಗಿ, ಇಡಿಯ ರೆಕ್ಕೆಯೇ ಸುಮಾರು ಹತ್ತು ಸೆಕೆಂಡುಗಳಿಗೊಮ್ಮೆ ತೂಗಾಡತೊಡಗುವುದು. ರೆಕ್ಕೆಯ ತೂಗಾಟಕ್ಕೆ ದೂರದರ್ಶಕವೂ ನಡುಗುವುದು. ಎಕ್ಸ್‌ಪ್ಲೋರರಿನ ತಂತಿಗಳು ಕಲಿಸಿದ್ದ ಪಾಠವೇ ಮೂವತ್ತೆರಡು ವರ್ಷಗಳ ತರುವಾಯ ಬೇರೊಂದು ವೇಷದಲ್ಲಿ ಬಂದಿದ್ದಿತು. ರೆಕ್ಕೆಯ ಬಳುಕನ್ನು ಸೇರಿಸಿಕೊಂಡ ಹೊಸ ಪ್ರತಿರೂಪವೊಂದನ್ನು ರಚಿಸಿ, ನಡುಕವನ್ನು ಶಮನಗೊಳಿಸುವಂತೆ ಚಕ್ರಗಳಿಗೆ ಆಜ್ಞೆಯನ್ನು ಕೊಡುವ ಕ್ರಮವನ್ನು ನೆಲದಿಂದಲೇ ಕಳುಹಿಸಲಾಯಿತು. ೧೯೯೩ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ ಹೊಸ ಫಲಕಗಳನ್ನು ಜೋಡಿಸಿದರು.

೬. ಸಾಕ್ಷ್ಯಗಳ ತುಲನೆ ಮತ್ತು ಹಿತೋಮಿಯ ಅವಸಾನ

ಇಲ್ಲಿಯವರೆಗೆ ಹೇಳಿದುದು ಕಾಯವು ಹೇಗೆ ಚಲಿಸುವುದೆಂಬ ಪ್ರತಿರೂಪವನ್ನು ಕುರಿತದ್ದು. ಕಾಯವು ಈ ಕ್ಷಣದಲ್ಲಿ ಯಾವ ನಿಲುವಿನಲ್ಲಿದೆಯೆಂಬುದನ್ನು ಅರಿಯುವುದು ಬೇರೊಂದು ಸಮಸ್ಯೆ. ಗೈರೊಸ್ಕೋಪು ಭ್ರಮಣವೇಗವನ್ನು ಕ್ಷಣಕ್ಷಣಕ್ಕೂ ಹೇಳುವುದು. ಆದರೆ ಅದರಲ್ಲಿ ಅಲ್ಪದೋಷವಿದ್ದರೆ ಕಾಲಕ್ರಮದಲ್ಲಿ ಅದು ಬೆಳೆಯುತ್ತ ಹೋಗುವುದು. ನಕ್ಷತ್ರದರ್ಶಕವು ನಿಲುವನ್ನು ನೇರವಾಗಿ ತಿಳಿಸುವುದು. ಆದರೆ ಭೂಮಿಯು ಅಡ್ಡಬಂದರೆ ಅದಕ್ಕೆ ಕಾಣದು. ಇಂಥ ದೋಷಯುಕ್ತ ಸಾಕ್ಷಿಗಳ ಹೇಳಿಕೆಗಳನ್ನು ಪ್ರತಿರೂಪದ ಊಹೆಯೊಡನೆ ತೂಗಿ ನೋಡಿ, ಪ್ರತಿಯೊಂದಕ್ಕೂ ಅದರ ವಿಶ್ವಾಸಾರ್ಹತೆಗೆ ತಕ್ಕ ಬೆಲೆಯನ್ನು ಕಟ್ಟಿ ನಿರ್ಣಯಕ್ಕೆ ಬರುವ ಗಣಿತಕ್ರಮವನ್ನು ರುಡಾಲ್ಫ್ ಕಾಲ್ಮನ್ ೧೯೬೦ರಲ್ಲಿ ಪ್ರತಿಪಾದಿಸಿದರು. ಗ್ರಂಥಸಂಪಾದಕನು ಹಲವು ಓಲೆಪ್ರತಿಗಳ ಪಾಠಗಳನ್ನು ಹೋಲಿಸಿ, ಯಾವ ಲಿಪಿಕಾರನು ಎಲ್ಲಿ ಎಡವುವನೆಂಬುದನ್ನು ಅರಿತು, ಶುದ್ಧಪಾಠವನ್ನು ನಿರ್ಣಯಿಸುವ ಕ್ರಮಕ್ಕೂ ಇದಕ್ಕೂ ಸಾಮ್ಯವುಂಟು. ಭೇದವೇನೆಂದರೆ, ಉಪಗ್ರಹದಲ್ಲಿ ಈ ಸಂಪಾದನಕಾರ್ಯವು ಸೆಕೆಂಡಿಗೆ ಹಲವು ಬಾರಿ ಮನುಷ್ಯನ ಕೈವಾಡವಿಲ್ಲದೆ ನಡೆಯಬೇಕು.

ಒಂದು ಸಾಕ್ಷಿಯನ್ನು ಅತಿಯಾಗಿ ನಂಬಿ ಉಳಿದವುಗಳನ್ನು ತಳ್ಳಿಹಾಕಿದರೆ ಏನಾಗುವುದೆಂಬುದನ್ನು ಜಪಾನಿನ ಹಿತೋಮಿ ಉಪಗ್ರಹದ ಅವಸಾನವು ತೋರಿಸುತ್ತದೆ. ಕ್ಷ-ಕಿರಣಗಳ ಮೂಲಕ ವಿಶ್ವವನ್ನು ನೋಡುವುದಕ್ಕಾಗಿ ೨೦೧೬ನೆಯ ಇಸವಿ ಫೆಬ್ರವರಿ ೧೭ರಂದು ಅದನ್ನು ಹಾರಿಸಲಾಯಿತು. ಮಾರ್ಚ್ ೨೬ರಂದು ಅದು ಒಂದು ಲಕ್ಷ್ಯದಿಂದ ಇನ್ನೊಂದಕ್ಕೆ ತಿರುಗಿ ನಿಂತಮೇಲೆ, ನಿಲುವನ್ನು ನಿರ್ಣಯಿಸುವ ಕ್ರಮದಲ್ಲಿ ತಪ್ಪೊಂದು ನೆಲೆಸಿತು. ನಿಶ್ಚಲವಾಗಿದ್ದ ಉಪಗ್ರಹವು ಗಂಟೆಗೆ ಸುಮಾರು ೨೧.೭ ಅಂಶಗಳಷ್ಟು ತಿರುಗುತ್ತಿದೆಯೆಂದು ಅದು ನಿರ್ಣಯಿಸಿತು. ಇಲ್ಲದ ಭ್ರಮಣವನ್ನು ತಡೆಯಲು ಚಕ್ರಗಳು ತೊಡಗಿದುವು. ಅದರಿಂದ ಉಪಗ್ರಹವು ನಿಜವಾಗಿಯೇ ತಿರುಗತೊಡಗಿತು. ನಕ್ಷತ್ರದರ್ಶಕದ ಹೇಳಿಕೆಯು ತನ್ನ ನಿರ್ಣಯಕ್ಕಿಂತ ಬಹಳ ಭಿನ್ನವಾಗಿದ್ದುದರಿಂದ ಗಣಕವು ಅದನ್ನು ಅಪ್ರಮಾಣವೆಂದು ತಳ್ಳಿತು. ಸೂರ್ಯನು ಎತ್ತಲಿದ್ದಾನೆಂಬುದನ್ನು ತಿಳಿಸುವ ಉಪಕರಣವನ್ನು ಈ ತಪ್ಪನ್ನು ಹಿಡಿಯಲು ಬಳಸುವ ಏರ್ಪಾಡು ಇರಲಿಲ್ಲ. ಚಕ್ರಗಳು ಮಿತಿಯನ್ನು ಮುಟ್ಟಿದಾಗ ರಕ್ಷಣೆಗೆಂದು ಅನಿಲಕೊಳವೆಗಳು ಚಾಲನೆಗೆ ಬಂದುವು. ದೂರದರ್ಶಕದ ಉದ್ದವಾದ ತೋಳನ್ನು ಹೊರಚಾಚಿದ ಮೇಲೆ ಕಾಯದ ಜಡತೆಯು ಬದಲಾಗಿದ್ದುದರಿಂದ, ಆ ಕೊಳವೆಗಳ ನಿಯಂತ್ರಣಕ್ಕೆ ಹೊಸ ಅಂಕಿಗಳನ್ನು ಫೆಬ್ರವರಿ ೨೮ರಂದು ಕಳುಹಿಸಲಾಗಿದ್ದಿತು. ಆ ಅಂಕಿಗಳೇ ತಪ್ಪಾಗಿದ್ದುವು. ಭ್ರಮಣವು ನಿಲ್ಲುವ ಬದಲು ಮತ್ತಷ್ಟು ವೇಗಗೊಂಡಿತು. ಸೂರ್ಯಫಲಕಗಳೂ ದೂರದರ್ಶಕದ ತೋಳೂ ಮುರಿದು ಹಾರಿಹೋದುವು. ಏಪ್ರಿಲ್ ೨೮ರಂದು ಅದನ್ನು ಉಳಿಸಿಕೊಳ್ಳುವ ಆಸೆಯನ್ನು ಬಿಟ್ಟುದಾಗಿ ಜಪಾನಿನ ಸಂಸ್ಥೆಯು ಪ್ರಕಟಿಸಿತು.

ಆ ಅಲ್ಪಾಯುಷ್ಯದಲ್ಲಿಯೇ ಹಿತೋಮಿಯು ಪರ್ಸಿಯಸ್ ಎಂಬ ಗೆಲಾಕ್ಸಿಗಳ ಸಮೂಹದ ಕಾದ ಅನಿಲವನ್ನು ವೀಕ್ಷಿಸಿ, ಅದರ ಕ್ಷೋಭೆಯ ವೇಗವು ಸೆಕೆಂಡಿಗೆ ಸುಮಾರು ೧೬೪ ಕಿಲೋಮೀಟರು ಮಾತ್ರವೆಂದು ಅಳೆದಿದ್ದಿತು. ಅಂಥ ಅಳತೆಗಳು ಇನ್ನೆಷ್ಟೋ ಬರಬಹುದಾಗಿದ್ದುವು. ಅದೇ ಬಗೆಯ ಉಪಕರಣವು ಮತ್ತೆ ಕಕ್ಷೆಯನ್ನು ಸೇರಿದುದು ೨೦೨೩ನೆಯ ಇಸವಿ ಸೆಪ್ಟೆಂಬರಿನಲ್ಲಿ, ಎಕ್ಸ್‌ರಿಸಂ ಎಂಬ ಉಪಗ್ರಹದೊಡನೆ. ಯಂತ್ರದ ಯಾವ ಭಾಗವೂ ತಾನಾಗಿ ಕೆಡದೆ, ಕೇವಲ ಪ್ರತಿರೂಪದ ತಪ್ಪಿನಿಂದಲೇ ಮೂಲವು ನಾಶವಾದುದು ಈ ಪ್ರಸಂಗದ ವೈಶಿಷ್ಟ್ಯ.

೭. ಶತ್ರುವು ಮಿತ್ರನಾದ ಬಗೆ

ಪ್ರತಿರೂಪವು ಸಮರ್ಪಕವಾಗಿದ್ದಲ್ಲಿ ಕೆಟ್ಟ ಯಂತ್ರವನ್ನೂ ಉಳಿಸಿಕೊಳ್ಳಬಹುದೆಂಬುದಕ್ಕೆ ಕೆಪ್ಲರ್ ದೂರದರ್ಶಕವು ಸಾಕ್ಷಿ. ಅನ್ಯ ನಕ್ಷತ್ರಗಳ ಗ್ರಹಗಳನ್ನು ಹುಡುಕುವುದಕ್ಕಾಗಿ ೨೦೦೯ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಹಾರಿದ ಇದು ಸೂರ್ಯನನ್ನು ಸುತ್ತುವ ಕಾಯ. ಇದರಲ್ಲಿದ್ದ ನಾಲ್ಕು ಚಕ್ರಗಳಲ್ಲಿ ಒಂದು ೨೦೧೨ರ ಜುಲೈಯಲ್ಲಿಯೂ ಇನ್ನೊಂದು ೨೦೧೩ರ ಮೇಯಲ್ಲಿಯೂ ಕೆಟ್ಟುವು. ಮೂರು ಅಕ್ಷಗಳ ನಿಲುವಿಗೆ ಕನಿಷ್ಠ ಮೂರು ಚಕ್ರಗಳು ಅವಶ್ಯವಾದುದರಿಂದ ಕಾರ್ಯವು ಮುಗಿದಂತೆಯೇ ಆಯಿತು. ಆಗ ವಿಜ್ಞಾನಿಗಳು, ಅದುವರೆಗೆ ಕೇವಲ ಉಪದ್ರವವೆಂದು ಎಣಿಸಿದ್ದ ಸೂರ್ಯಪ್ರಕಾಶದ ಒತ್ತಡವನ್ನು ಸೂಕ್ಷ್ಮವಾಗಿ ಲೆಕ್ಕಹಾಕಿದರು. ಕೆಪ್ಲರಿನ ಕಕ್ಷೆಯ ಸಮತಲದಲ್ಲಿಯೇ ಇರುವ ನಕ್ಷತ್ರಗಳ ಕಡೆಗೆ ದೂರದರ್ಶಕವನ್ನು ತಿರುಗಿಸಿದರೆ, ಸೂರ್ಯಫಲಕಗಳ ಎರಡು ಇಳಿಜಾರುಗಳ ಮೇಲೂ ಬೆಳಕು ಸಮನಾಗಿ ಬಿದ್ದು, ಒಂದರ ನೂಕು ಇನ್ನೊಂದರಿಂದ ಸರಿಹೋಗುವುದೆಂದು ಕಂಡುಬಂದಿತು. ಉಳಿದ ಎರಡು ಅಕ್ಷಗಳನ್ನು ಎರಡು ಚಕ್ರಗಳು ನೋಡಿಕೊಂಡುವು. ಮೂರನೆಯದರಲ್ಲಿ ಮೆಲ್ಲನೆ ಸಂಭವಿಸುವ ಜಾರುವಿಕೆಯನ್ನು ಸುಮಾರು ಆರು ಗಂಟೆಗಳಿಗೊಮ್ಮೆ ಅನಿಲಕೊಳವೆಗಳು ತಿದ್ದಿದುವು. ಸುಮಾರು ೮೦ ದಿನಗಳಿಗೊಮ್ಮೆ ಹೊಸ ಕ್ಷೇತ್ರವನ್ನು ಆರಿಸಿಕೊಳ್ಳುತ್ತ, ಇಂಧನವು ತೀರಿದ ೨೦೧೮ರ ಅಕ್ಟೋಬರಿನವರೆಗೆ ಅದು ಹೀಗೆ ಕೆಲಸಮಾಡಿತು.

ನಿಲುವಿನ ಅಲ್ಪದೋಷವನ್ನು ಆಕಾಶದಲ್ಲಿ ನಿವಾರಿಸಲಾಗದಿದ್ದರೆ ನೆಲದ ಮೇಲೆ ಲೆಕ್ಕದಿಂದ ನಿವಾರಿಸುವ ಮಾರ್ಗವೂ ಉಂಟು. ೨೦೧೫ನೆಯ ಇಸವಿ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹಾರಿದ ಆಸ್ಟ್ರೊಸ್ಯಾಟ್ ಉಪಗ್ರಹದಲ್ಲಿ ನೇರಳಾತೀತ ಕಿರಣಗಳ ದೂರದರ್ಶಕವೊಂದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಅದನ್ನು ಹೊಸಕೋಟೆಯಲ್ಲಿರುವ ತನ್ನ ಪ್ರಯೋಗಾಲಯದಲ್ಲಿ ಜೋಡಿಸಿತು. ಉಪಗ್ರಹವು ವೀಕ್ಷಣೆಯ ನಡುವೆ ತುಸುತುಸುವಾಗಿ ಜಾರುವುದು ಅನಿವಾರ್ಯವೆಂಬುದನ್ನು ಮೊದಲೇ ಅಂಗೀಕರಿಸಿ, ದೀರ್ಘಕಾಲದ ಒಂದು ಚಿತ್ರಕ್ಕೆ ಬದಲಾಗಿ ಸೆಕೆಂಡಿಗೆ ಸುಮಾರು ೨೯ ಕ್ಷಣಚಿತ್ರಗಳನ್ನು ತೆಗೆಯುವ ಏರ್ಪಾಡನ್ನು ಮಾಡಲಾಯಿತು. ಚಿತ್ರಗಳಲ್ಲಿನ ನಕ್ಷತ್ರಗಳ ಸ್ಥಾನಾಂತರದಿಂದಲೇ ಉಪಗ್ರಹದ ಚಲನೆಯನ್ನು ಪುನಾರಚಿಸಿ, ಒಂದೊಂದು ಕ್ಷಣಚಿತ್ರವನ್ನೂ ಅದಕ್ಕನುಗುಣವಾಗಿ ಹಿಂದಕ್ಕೆ ಸರಿಸಿ ಕೂಡಿಸಿದರೆ, ೧.೮ ವಿಕಲೆಗಿಂತ ಸೂಕ್ಷ್ಮವಾದ ಸ್ಪಷ್ಟ ಚಿತ್ರವು ದೊರೆಯುವುದು.

೮. ಉಪಸಂಹಾರ

ಮೇಲಿನ ದೃಷ್ಟಾಂತಗಳನ್ನು ಒಟ್ಟಿಗೆ ಪರಿಶೀಲಿಸಿದರೆ ಎರಡು ಸಂಗತಿಗಳು ಸ್ಪಷ್ಟಪಡುತ್ತವೆ. ಮೊದಲನೆಯದು: ಎಕ್ಸ್‌ಪ್ಲೋರರಿನ ತಂತಿ, ಹಬಲಿನ ರೆಕ್ಕೆ, ಹಿತೋಮಿಯ ಅಂಕಿ, ಇವೆಲ್ಲವೂ ಅಲ್ಪವೆಂದು ತೋರುವ ವಿಷಯಗಳೇ. ಶೂನ್ಯದಲ್ಲಿ ಅಲ್ಪವನ್ನು ಅಡಗಿಸುವ ಘರ್ಷಣೆಯಾಗಲಿ ಆಧಾರವಾಗಲಿ ಇಲ್ಲದಿರುವುದರಿಂದ ಅಲ್ಪವೂ ಕಾಲಾಂತರದಲ್ಲಿ ಪ್ರಬಲವಾಗುವುದು. ಎರಡನೆಯದು: ಪ್ರತಿರೂಪವು ಎಷ್ಟೇ ಪರಿಷ್ಕೃತವಾದರೂ ಅದು ಮೂಲವಲ್ಲ, ಮೂಲದ ಸಾಕ್ಷ್ಯವು ಪ್ರತಿರೂಪಕ್ಕೆ ವಿರುದ್ಧವಾಗಿ ಬಂದಾಗ ಅದನ್ನು ತಳ್ಳಿಹಾಕುವ ಮೊದಲು ಮತ್ತೊಂದು ಸ್ವತಂತ್ರ ಸಾಕ್ಷ್ಯವನ್ನು ವಿಚಾರಿಸಬೇಕು. ವ್ಯಾನ್‌ಗಾರ್ಡಿನ ವಿಷಯದಲ್ಲಿ ವಿರೋಧವನ್ನು ಗೌರವಿಸಿದುದರಿಂದ ಭೂಮಿಯ ಆಕಾರವು ತಿಳಿಯಿತು. ಹಿತೋಮಿಯ ವಿಷಯದಲ್ಲಿ ಅದನ್ನು ಅಪ್ರಮಾಣವೆಂದೆಣಿಸಿದುದರಿಂದ ಉಪಗ್ರಹವೇ ಹೋಯಿತು. ಮುಂದಿನ ವೈಜ್ಞಾನಿಕ ಉಪಗ್ರಹಗಳ ನಿಯಂತ್ರಣವನ್ನು ರೂಪಿಸುವವರು ಈ ಎರಡು ಫಲಗಳನ್ನೂ ಜೊತೆಯಾಗಿಟ್ಟು ನೋಡುವುದು ಯುಕ್ತವಾಗಿದೆ.